ಏಳು ಕೋಟಿಯಲ್ಲಿ ಉಳಿದ ಎಪ್ಪತ್ತಮೂರು

ಮಾನ್ಯ ಅಧ್ಯಕ್ಷರೂ ಕಲ್ಲು ಪಾಲಿಶ್ ಕಾರ್ಖಾನೆಯ ಮಾಲೀಕರೂ ಆದ ಭಾಗಣ್ಣನವರೇ, ಇಂದು ನಾವು ಬೀಳ್ಕೊಡುತ್ತಿರುವ ಕನ್ನಡ ಶಿಕ್ಷಕಿ ಲುಂಬಿನಿ ಮೇಡಂ ಅವರೇ, ಮಿರ್ಚಿ ಭಜಿ ಇನ್ನೂ ಎಣ್ಣೆಯಲ್ಲಿವೆ ಎಂಬ ಒಂದೇ ಕಾರಣಕ್ಕೆ ಎದ್ದು ಹೋಗದ ಸಭಿಕರೇ,

ಎರಡು ಮಾತಾಡಿ ಎಂದು ಗಣಿತದ ಮಾಸ್ತರನಾದ ನನಗೆ ಹೇಳಿದ್ದೀರಿ. ಎಣಿಸಿ ಎರಡೇ ಆಡುತ್ತೇನೆ.

ಮೊದಲನೆಯದು ಒಂದು ಸಂಖ್ಯೆಯ ಬಗ್ಗೆ. ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ಒಂದುನೂರ ಮೂವತ್ತಮೂರು. ಅಂದರೆ 73939133. ಇದು ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟು ಬೇರಾವ ಸಂಖ್ಯೆಯಿಂದಲೂ ಸರಿಯಾಗಿ ಭಾಗವಾಗದು. ಭಾಗಣ್ಣನವರೂ ಭಾಗಿಸಲಾರರು. ಬಲತುದಿಯ ಒಂದಂಕಿ ಅಳಿಸಿ, ಉಳಿದದ್ದೂ ಅವಿಭಾಜ್ಯ. ಇನ್ನೊಂದು ಅಳಿಸಿ, ಆಗಲೂ ಅವಿಭಾಜ್ಯ. ಏಳೊಂದೇ ಉಳಿಯುವ ತನಕ ಹೀಗೇ. ಈ ಗುಣವುಳ್ಳ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಈ ಶಾಲೆಯಲ್ಲಿ ನಾವು ಎಂಟು ಶಿಕ್ಷಕರಿದ್ದೆವು. ಭಾಗಣ್ಣನವರು ಕೊಟ್ಟ ಶಹಾಬಾದ ಕಲ್ಲಿನ ಮೇಲೆ ಎಂಟೂ ಅಂಕಿಗಳನ್ನು ಸೀಮೆಸುಣ್ಣದಲ್ಲಿ ಬರೆದು ಸ್ಟಾಫ್ ರೂಮಿನಲ್ಲಿಟ್ಟೆ. ಸೇವಾ ಹಿರಿತನದಂತೆ ಎಡದಿಂದ ತಲೆಗೊಂದು. ನಾನು ಏಳು, ಲುಂಬಿನಿ ಮೇಡಂ ಮೂರು. ವರ್ಗವಾದವರು ತಮ್ಮ ಅಂಕಿಯನ್ನು ತಾವೇ ಒದ್ದೆ ಬಟ್ಟೆಯಿಂದ ಒರೆಸಿ ಹೋಗುವುದು ನಮ್ಮ ಪದ್ಧತಿ. ಮತೀನ ಸರ್ ಒರೆಸಿ ಚಿತ್ತಾಪುರಕ್ಕೆ ಹೋದರು, ಸುನಿತಾ ಮೇಡಂ ಸೇಡಂಗೆ, ಹೀಗೇ ಒಬ್ಬೊಬ್ಬರಾಗಿ ಆರು ಮಂದಿ. ಕಿರಿಯರೇ ಮೊದಲು ಹೋದದ್ದರಿಂದ ಗಣಿತಕ್ಕೆ ಧಕ್ಕೆಯಾಗಲಿಲ್ಲ. ಉಳಿದದ್ದು ಎಪ್ಪತ್ತಮೂರು.

ಈ ವರ್ಷ ಹಿರಿಯನಾದ ನನಗೆ ಬಡ್ತಿ ಬಂತು: ಕುಂಚಾವರಂ ಶಾಲೆಯ ಮುಖ್ಯಗುರು ಹುದ್ದೆ. ಎಪ್ಪತ್ತಮೂರು ಒಡೆಯಬಾರದೆಂದು ಬೇಡವೆಂದೆ. ಏಳು ಒಲ್ಲೆನೆಂದರೆ ಇಲಾಖೆ ಯಾರಿಗೆ ಕೊಡುತ್ತದೆ? ಮೂರಕ್ಕೆ ಕೊಟ್ಟಿತು. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆದಿರಲಿಲ್ಲ.

ಮೇಡಂ ಕೇಳಿದರು: "ಸರ, ಪ್ರಮೋಷನ್ ಯಾಕ ಬ್ಯಾಡ ಅಂದ್ರಿ?"

"ಅಲ್ಲಿ ತೆಲುಗು ಭಾಳ ಅದರಿ. ನನಗ ಬರಂಗಿಲ್ಲ."

"ಕನ್ನಡದಾಗರೆ ಎಲ್ಲಿ ಹೇಳ್ಲಿಕ್ಕ ಬರ್ತದರಿ ನಿಮಗ? ಎಷ್ಟ್ ವರ್ಷದಿಂದ ಕೇಳ್ಲಿಕತ್ತೀನಿ, ಬರೇ ಲೆಕ್ಕಾನೇ ಹೇಳ್ತೀರಿ."

ಏನನ್ನು ಹೇಳಲು ಬರುವುದಿಲ್ಲ ಎಂದು ಅವರು ಹೇಳಲಿಲ್ಲ. ಕನ್ನಡ ಶಿಕ್ಷಕಿ ಕರ್ಮಪದವನ್ನು ಸುಮ್ಮನೆ ಬಿಡುವರೇ?

ಎರಡನೆಯ ಮಾತು. ಮೇಡಂ ಹೋಗುವ ಅದೇ ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿ ಇತ್ತು. ಕೇಳಿದೆ. ಕುಂಚಾವರಂ ಕೇಳುವವರೇ ಇಲ್ಲದ ಕಾರಣ ಕೊಟ್ಟರು. ಅಲ್ಲಿ ಮೇಡಂ ಮೊದಲು, ನಾನು ಅವರ ಕೈಕೆಳಗೆ. ಅಂದರೆ ಮೂವತ್ತೇಳು. ಭಾಗಿಸಿ ನೋಡಿದ್ದೇನೆ, ಅದೂ ಅವಿಭಾಜ್ಯ. ಬೆಳಿಗ್ಗೆ ಕಲ್ಲಿನ ಮೇಲೆ ಹಾಗೇ ತಿದ್ದಿ ಬರೆದು ವೇದಿಕೆಗೆ ಹೊರಿಸಿದ್ದೇನೆ. ಶಾಲೆಯಲ್ಲಷ್ಟೇ ಅಲ್ಲ, ಮನೆಯಲ್ಲಿಯೂ ಇದೇ ಕ್ರಮವಿರಲೆಂದು ನನ್ನ ಕೋರಿಕೆ. ಒಪ್ಪಿಗೆಯಿಲ್ಲದಿದ್ದರೆ, ಮೇಡಂ, ಒದ್ದೆ ಬಟ್ಟೆ ನಿಮ್ಮ ಮುಂದೆಯೇ ಇದೆ. ಏಳನ್ನು ಒರೆಸಿಬಿಡಿ. ನಾನು ತೆಲುಗು ಕಲಿಯುತ್ತಾ ಇರುತ್ತೇನೆ.

ಸಭಿಕರೇ, ಮೇಡಂ ಬಟ್ಟೆಯನ್ನು ಹಿಂಡಿದರು. ಮಡಿಚಿದರು. ತಮ್ಮ ಚೀಲದೊಳಗೆ ಇಟ್ಟುಕೊಂಡರು.

ಬಟ್ಟೆ ಶಾಲೆಯ ಆಸ್ತಿ. ಆದರೆ ಆಕ್ಷೇಪಿಸುವ ಸ್ಥಿತಿಯಲ್ಲಿ ನಾನಿಲ್ಲ. ಕೇಳಿದ ನಿಮಗೂ, ತಡಮಾಡಿದ ಭಜಿಗೂ ಧನ್ಯವಾದ. ನಮಸ್ಕಾರ.