ಮಷೀನಿನ ಮೇಲಿನ ಅಂಗೈ

ರಿಪೇರಿ ಅಂಗಡಿಯ ಸಾಲಿನಲ್ಲಿ ಕೆಟ್ಟ ಮಿಕ್ಸಿಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ ದರ್ಜಿ ಹೆಂಗಸಿನ ಕಿವಿ, ಮುಂದಿದ್ದ ಭಾವ-ಭಾಮೈದರ ಮಾತಿಗೆ ನೆಟ್ಟಗಾಯಿತು.

“ಬಟ್ಟೆ ಒಗೆಯೋ ಮಷೀನಿಗೆ ಇಂಟರ್ನೆಟ್ ಯಾಕೋ? ಕೂತ್ಕೊಂಡು ಸಿನಿಮಾ ನೋಡುತ್ತಾ?”

“ಅಕ್ಕನಿಗೆ ಕಿವಿ ಕೇಳಲ್ವಲ್ಲ ಭಾವ. ಒಗೆದು ಮುಗಿಯೋವರೆಗೂ ಹಳೇ ಮಷೀನ್ ಮೇಲೆ ಕೈಯಿಟ್ಕೊಂಡು ನಿಂತಿರ್ತಿದ್ಲು. ಇದಾದ್ರೆ ಮುಗಿದಾಗ ಫೋನ್ ನಡುಗುತ್ತೆ, ಆರಾಮಾಗಿ ಕೂತಿರಲಿ ಅಂತ ಕೊಡಿಸ್ದೆ.”

“ಎಲ್ಲಿ ಕೂರ್ತಾಳೆ? ಈಗ್ಲೂ ಹೋಗಿ ಕೈಯಿಡ್ತಾಳೆ. ಮೊನ್ನೆ ಫೋನು ‘ಎಲ್ಲ ಸರಿಯಿದೆ’ ಅಂತಿತ್ತು. ಇವಳು ಒಳಗೇನೋ ಉಜ್ತಾ ಇದೆ ಅಂತ ಕೈಸನ್ನೆ ಮಾಡಿ ಹಠ ಹಿಡಿದ್ಲು. ಬಿಚ್ಚಿಸಿದ್ರೆ, ಪಂಪಿನೊಳಗೆ ನನ್ನ ಅಂಗಿ ಗುಂಡಿ!”

“ನಮ್ಮಕ್ಕ ಅಂದ್ರೆ ಸುಮ್ನೇನಾ!”

“ಅವಳ ಅಂಗೈ ಮುಂದೆ ನಿನ್ನ ಇಂಟರ್ನೆಟ್ಟು ಯಾವ ಮೂಲೆಗೆ?”

“ಹಂಗಾದ್ರೆ ತೆಗೆಸಿಬಿಡೋಣ್ವಾ?”

ಭಾವ ಅಂಗಡಿಯವನ ಕೈಯಿಂದ ಹೊಸ ಪಂಪಿನ ಪೊಟ್ಟಣ ಇಸಿದುಕೊಂಡ.

“ಬೇಡಪ್ಪ. ಫೋನ್ ನಡುಗಿದಾಗೆಲ್ಲ ‘ನನ್ನ ತಮ್ಮ ಕರೀತಿದಾನೆ’ ಅಂತ ಸನ್ನೆ ಮಾಡಿ ನಗ್ತಾಳೆ. ಅದನ್ನ ಹೆಂಗೋ ತೆಗೆಸೋದು?”

ಇಬ್ಬರೂ ಬಾಗಿಲ ಕಡೆ ತಿರುಗಿದರು. ದರ್ಜಿಯ ಕಣ್ಣು ಭಾವನ ಅಂಗಿಯ ಮೇಲೆ ಬಿತ್ತು. ಒಂದು ಗುಂಡಿ ಮಾತ್ರ ಹೊಸ ದಾರದಲ್ಲಿ ಬಿಗಿಯಾಗಿ ಕೂತಿತ್ತು; ಇನ್ನು ಜಪ್ಪಯ್ಯ ಅಂದರೂ ಬೀಳುವಂತಿರಲಿಲ್ಲ.