ಬೆಸುಗಿ ಮ್ಯಾಲಿನ ಕರೀ ಗೆರಿ

…ಹಂಗಲ್ರೆಪಾ, ಸಂಜೀಕ ಗಟ್ಟಿ ಇದ್ದ ಬೆಸುಗಿ ಮುಂಜಾನೆ ಬಿರಕ ಬಿಟ್ಟಿದ್ರ ಯಾರ ಮ್ಯಾಲ ಸಂಶೆ ಬರಬೇಕು ಹೇಳ್ರಿ? ನನ್ನ ಮ್ಯಾಲನ ಬಂತು. ಯಾಕಂದ್ರ ನಾ ಖಾದಿ ನೇಯೂ ಗರಗದಾಂವ, ತಲೀ ಮ್ಯಾಲ ಖಾದಿ ಟೊಪಗಿ. ಬ್ರಿಟಿಷರ ಯುದ್ಧದ ಕಾಲ ಅದು, ಖಾದಿ ಹಾಕಿದಾಂವ ಸರಕಾರದ ವೈರಿ ಅಂತನ ಲೆಕ್ಕ. ಹಳೇ ಹುಬ್ಬಳ್ಳ್ಯಾಗ ನಮ್ಮ ಮಾಲಕರ ಕಾರಖಾನಿ, ಕಾರಖಾನಿ ಅಂದ್ರ ಏನ, ಅವರ ಮನೀ ಅಂಗಳಾನ ಅನ್ರಿ, ಅಲ್ಲಿ ಮಿಲ್ಟ್ರಿಯವರಿಗೆ ನೀರಿನ ಟಾಕಿ ಮಾಡಾಕತ್ತಿದ್ವಿ. ದಪ್ಪ ಉಕ್ಕಿನ ಪ್ಲೇಟು. ಒಂದ ಮಗ್ಗಲಾ ಹುಸೇನಸಾಬ ಕಾಕಾ ಬೆಸೀತಿದ್ದ, ಮನೀ ಬಾಗಲದ ಕಡೆ ಮಗ್ಗಲಾ ನಾನು. ಮುಂಜಾನೆ ಪರೀಕ್ಷಾ. ಬೆಸುಗಿ ಹೊರಗ ಸುಣ್ಣಾ ಬಳೀಬೇಕು, ಒಣಗಿದ ಮ್ಯಾಲ ಒಳಗಿಂದ ಚಿಮಣಿ ಎಣ್ಣಿ, ಅಂದ್ರ ಸೀಮೆಎಣ್ಣಿ, ಹಚ್ಚಬೇಕು. ಕಣ್ಣಿಗೆ ಕಾಣದ ಬಿರಕಿದ್ರೂ ಎಣ್ಣಿ ಹಾದು ಬಂದು ಸುಣ್ಣದ ಮ್ಯಾಲ ಕರೀ ಗೆರಿ ಮೂಡತೈತಿ. ಚಿಮಣಿ ಎಣ್ಣಿ ಸುದ್ದಾ ಆಗ ರೇಶನ್, ದೀಪಕ್ಕ ಸಿಗತಿದ್ದಿಲ್ಲ… ಅದಿರಲಿ. ಕಾಕಾನ ಸುಣ್ಣಾ ದಿನಾ ಬೆಳ್ಳಗ, ನಂದರಾಗ ದಿನಾ ಕರೀ ಗೆರಿ! ಚಾಣ ಹಿಡದು ತೋಡಿ ಮತ್ತ ಬೆಸದ್ರ ಮರುದಿನಾ ಮತ್ತ ಅದ.

ಮಾಲಕರು ಕಣ್ಣ ಕೆಂಪ ಮಾಡಿದ್ರು. "ಬಸಪ್ಪಾ, ಬೇಕಂತ ಮಿಲ್ಟ್ರಿ ಮಾಲು ಕೆಡಸಾಕತ್ತಿ ನೀ. ನಾಳೆ ಮತ್ತ ಗೆರಿ ಬಂತಂದ್ರ ಫೌಜದಾರಗ ಒಪ್ಪಿಸ್ತೇನಿ." ನಿಮ್ಮಜ್ಜಿ ಆಗ ಬಸರಿ. ನಾ ಜೇಲಿಗೆ ಹೋದ್ರ ಆಕಿ ಗತಿ ಏನ್ರಿ? ಖರೇ ಹೇಳತೇನಿ, ನನಗ ಕಾಕಾನ ಮ್ಯಾಲನ ಸಂಶೆ. ನಾ ಹೋದಮ್ಯಾಲ ಬಂದು ಸುತಗಿ ಹೊಡೀತಾನೇನು ಅಂತ. ಅವತ್ತ ಸಂಜೀಕ ಮನಿಗೆ ಹೋಗಲೇ ಇಲ್ಲ, ಅಂಗಳದ ಕಟ್ಟೀ ಮ್ಯಾಲ ಕುಂತೆ. ನೋಡಿದ್ರ ಕಾಕಾನೂ ಬಂದು ಕುಂತ!

"ಯಾಕ ಕಾಕಾ, ಮನಿಗೆ ಹೋಗಂಗಿಲ್ಲೇನ್ರಿ?"

"ನೀ ಯಾಕ ಹೋಗವಲ್ಲಿ?"

ಅಂವಗ ನನ್ನ ಮ್ಯಾಲ ಸಂಶೆ, ನೋಡ್ರಿ. ಇಬ್ರೂ ಹಂಗ ಗುರ್ ಅಂತ ಕುಂತ್ವಿ. ದೀಪಾ ಹಚ್ಚೂ ಹೊತ್ತಾತು. ಮಾಲಕರ ತಾಯಿ, ಅವ್ವಾರ ಅಂತಿದ್ವಿ, ತಂಬಿಗಿ ಹಿಡಕೊಂಡು ಬಂದು ಅಂಗಳಕ್ಕ ನೀರ ಚಿಮಕಿಸಿ ಥಳಿ ಹೊಡಕೋತ ಹೊಂಟ್ರು. ಬಾಗಲದ ಮುಂದ ಹೊಡದ್ರು, ಅಲ್ಲೇ ನನ್ನ ಬೆಸುಗಿ ಮ್ಯಾಲೂ ಹೊಡದ್ರು. ಇನ್ನೂ ಬಿಸಿ ಇತ್ತದು. ಚುಂಯ್ ಅಂತು. ತಡದು, ಟಣ್! ಕಾಕಾ ನನ್ನ ಮಾರಿ ನೋಡಿದ, ನಾ ಕಾಕಾನ ಮಾರಿ ನೋಡಿದೆ.

"ಅವ್ವಾರ, ಬಿಸಿ ಉಕ್ಕಿಗೆ ತಣ್ಣೀರ ಬಿದ್ರ ಸೀಳತೈತ್ರಿ," ಅಂದ ಕಾಕಾ.

"ನನ್ನ ನೀರಿಗೆ ಹೆಸರ ಇಡತೀರೇನ? ಲಕ್ಷ್ಮಿ ಬರೂ ಹೊತ್ತಿಗೆ ಅಂಗಳ ಒಣಾ ಇಡ್ಲೇನ?"

ಮಾಲಕರು ಓಡಿ ಬಂದು ನನ್ನ ಮ್ಯಾಲನ ಹರಿಹಾಯ್ದ್ರು. "ಈಗ ನಮ್ಮವ್ವನ ಮ್ಯಾಲ ಹಾಕಾಕತ್ತಿ ಏನಲೇ?" ಅವ್ವಾರ ಬಾಗಿ ಆ ಬೆಸುಗಿ ನೋಡಿದ್ರು. ಆಮ್ಯಾಲ ಅಂದ್ರು, "ದಿನಾ ನಾನ ಹೊಡದೇನೆಪಾ. ಫೌಜದಾರಗ ಒಪ್ಪಿಸಬ್ಯಾಡ, ಇನ್ನೊಂದ ದಿನಾ ತಡಿ."

ಮರುದಿನಾ ಆ ಬಿರಕ ತೋಡಿ ತಗದು, ಮೊದಲ ಪ್ಲೇಟಿಗೆ ಕೆಂಡದ ಕಾವ ಕೊಟ್ಟು ಬೆಸದ್ವಿ. ಲಗೂ ಆರಬಾರದಂತ ಅವ್ವಾರ ತಮ್ಮ ಒಲೀ ಬಿಸಿ ಬೂದಿ ತಂದು ಕೊಟ್ರು, ಮ್ಯಾಲ ಗೋಣಿಚೀಲ ಹೊಚ್ಚಿದ್ವಿ. ಥಳಿ ಮಾತ್ರ ಬಿಡಲಿಲ್ಲ ಮತ್ತ! ಟಾಕಿ ಬಿಟ್ಟು ಸುತ್ತ ಹೊಡದ್ರು. ಮುಂಜಾನೆ ಸುಣ್ಣಾ ಬೆಳ್ಳಗ ಇತ್ತು. ಮಾಲಕರು ಸುಣ್ಣಾ ನೋಡಿದ್ರು, ನನ್ನ ಟೊಪಗಿ ನೋಡಿದ್ರು, ಎಣ್ಣಿ ಡಬ್ಬಿ ಮೂಸಿ, "ಇದ್ರಾಗ ನೀರ ಬೆರಸಿಲ್ಲಲ್ಲೋ?" ಅಂದ್ರು. ಜೇಲ ತಪ್ಪಿತಲ್ಲ ಅಂತ ನಾ ಅಲ್ಲೇ ಕುಂತ ಅತ್ತಬಿಟ್ಟೆ. ಕಾಕಾ ಬೆನ್ನ ಮ್ಯಾಲ ಕೈ ಇಟ್ಟ. ಅದಕ್ಕ ಹೇಳತೇನಿ, ಯಾರ ಮ್ಯಾಲರ ಸಂಶೆ ಬಂತಂದ್ರ ಬೈಯೂಕಿಂತ ಮೊದಲ ಅಲ್ಲೇ ಹೋಗಿ ಕುಂತ ನೋಡ್ರಿ. ಹೋಗ್ರಿ ಈಗ.