ಬೀಗದ ಕೈ ಯಾರ ಸೊಂಟದಲ್ಲಿದೆ?

ತಾಯಂದಿರೇ, ಒಂದೂರಿನಲ್ಲಿ ದುಡ್ಡಿಗೆ ಬರವಿಲ್ಲದ ಒಬ್ಬ ಶ್ರೀಮಂತ ಇದ್ದ. ಹೆಸರು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಒಬ್ಬರು ಎದ್ದು "ಬುದ್ಧೀ, ಅವರು ನಮ್ಮ ಬೀಗರು" ಅನ್ನುತ್ತಾರೆ, ನಾಳೆಯಿಂದ ಮಠಕ್ಕೆ ಅಕ್ಕಿ ಬರುವುದಿಲ್ಲ.

ಅವನಿಗೆ ವಯಸ್ಸಾದ ಮೇಲೆ ಪುಣ್ಯದ ಯೋಚನೆ ಬಂತು. ಛತ್ರ ಕಟ್ಟಿಸಿದವರು ಊರಲ್ಲಿ ಬೇಕಾದಷ್ಟಿದ್ದರು. ಈತ ಒಂದು ನೀತಿ ಸಂಶೋಧನಾ ಸಂಸ್ಥೆ ಕಟ್ಟಿಸಿದ. ಹಾಗೆಂದರೇನು? ಜನರ ಕಷ್ಟ ಏನು, ಸರ್ಕಾರ ಏನು ಮಾಡಬೇಕು ಎಂದು ಓದಿದವರು ಕೂತು ವರದಿ ಬರೆಯುವ ಜಾಗ. ಒಳ್ಳೆಯ ಕೆಲಸವೇ. ನೋಡಿ, ನಾನು ಓದಿದವರನ್ನು ಗೇಲಿ ಮಾಡುತ್ತಿಲ್ಲ. ಸ್ವಲ್ಪ ಮಾತ್ರ ಮಾಡುತ್ತಿದ್ದೇನೆ.

ಸರ್ಕಾರ ಅವರಿಗೆ ಒಂದು ಪ್ರಶ್ನೆ ಕೊಟ್ಟಿತು. ಒಂದು ಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಬಸುರಿಯರು ತಪಾಸಣೆಗೆ ಬರುತ್ತಿಲ್ಲ, ಯಾಕೆ? ಪಂಡಿತರು ಮೂರು ತಿಂಗಳು ಕೂತು ಒಂದು ಹಾಳೆ ತಯಾರು ಮಾಡಿದರು. ಪ್ರಶ್ನೆಯ ಕೆಳಗೆ ಉತ್ತರಗಳನ್ನೂ ತಾವೇ ಬರೆದರು! ಒಂದು, ದೂರ. ಎರಡು, ಖರ್ಚು. ಮೂರು, ಅರಿವಿಲ್ಲ. ನಾಲ್ಕು, ಮೂಢನಂಬಿಕೆ. ಐದು, ಇತರೆ. ಒಂದೊಂದರ ಮುಂದೆ ಒಂದೊಂದು ಚೌಕ.

ಆ ಹಾಳೆ ಹಿಡಿದು ಹಳ್ಳಿಯ ನೂರು ಹೆಂಗಸರನ್ನು ಕೇಳಿದರು. ಅವರೇನು ಹೇಳಿದರು? "ಅಯ್ಯೋ ಸ್ವಾಮಿ, ಆಸ್ಪತ್ರೆ ಕಕ್ಕಸಿಗೆ ಬೀಗ ಜಡ್ದವ್ರೆ. ಬೀಗದ ಕೈ ಗುಮಾಸ್ತನ ಸೊಂಟದಲ್ಲೈತೆ. ಬಸುರಿ ಹೆಂಗ್ಸು ನಾಕು ಗಂಟೆ ಸಾಲಲ್ಲಿ ಹೆಂಗೆ ಕೂತಾಳು?" ಕೇಳಲು ಹೋದವರು ಹಾಳೆಯಲ್ಲಿ ಹುಡುಕಿದರು. ಕಕ್ಕಸಿಗೆ ಚೌಕವಿರಲಿಲ್ಲ. ಇತರೆ ಎಂದು ಗುರುತು ಹಾಕಿದರು. ನೂರರಲ್ಲಿ ಎಪ್ಪತ್ತೆರಡು ಇತರೆ.

ಸಂಸ್ಥೆಯಲ್ಲಿ ಸಭೆ ಸೇರಿತು. ನಿರ್ದೇಶಕರು ಕನ್ನಡಕ ಏರಿಸಿ, "ಇತರೆ ಅನ್ನೋದಕ್ಕೆ ಅರ್ಥ ಇಲ್ಲ, ಬಿಟ್ಟುಬಿಡಿ" ಎಂದರು. ಉಳಿದ ಇಪ್ಪತ್ತೆಂಟರಲ್ಲಿ ಹೆಚ್ಚಿನವು ಅರಿವಿಲ್ಲ ಎಂಬ ಚೌಕದಲ್ಲಿದ್ದವು. ವರದಿ ಸಿದ್ಧವಾಯಿತು: ಹೆಂಗಸರಿಗೆ ಅರಿವಿಲ್ಲ, ಊರೂರಲ್ಲಿ ಬೀದಿನಾಟಕ ಆಡಿಸಿ!

ಆ ಸಂಸ್ಥೆಯಲ್ಲಿ ಕಸ ಗುಡಿಸಿ ಕಾಫಿ ಕೊಡುವ ಒಬ್ಬ ಆಯಮ್ಮ ಇದ್ದಳು. ಅವಳ ಮಗಳನ್ನು ಕೊಟ್ಟಿದ್ದು ಅದೇ ಹಳ್ಳಿಗೆ. ಏಳು ತಿಂಗಳ ಬಸುರಿ. ಆಯಮ್ಮ ಕಾಫಿ ಬಗ್ಗಿಸುತ್ತಾ ಬಾಯಿಬಿಟ್ಟಳು. "ಸಾ, ಇತರೆ ಅಂತ ಬರ್ಕೊಂಡ್ರಲ್ಲ, ಆ ಹೆಂಗಸ್ರೆಲ್ಲಾ ಹೇಳಿದ್ದು ಆಸ್ಪತ್ರೆ ಕಕ್ಕಸಿನ ಬೀಗಾನೇ. ಅದೊಂದು ತೆಗ್ಸಿ ಸಾ. ನನ್ ಮಗಳೂ ಹೋಗ್ತಾ ಇಲ್ಲ. ಕಾಲೆಲ್ಲಾ ಊದ್ಕೊಂಡವೆ."

ನಿರ್ದೇಶಕರು ಕೆಟ್ಟವರಲ್ಲ. ಮೃದುವಾಗಿಯೇ ಹೇಳಿದರು: "ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರಲ್ಲಮ್ಮ. ಇನ್ನೊಂಚೂರು ಕಾಫಿ ಹಾಕಿ."

ಹಾಕಿದಳು. ಚೆನ್ನಾಗಿಯೇ ಹಾಕಿದಳು!

ವರದಿ ಬಿಡುಗಡೆಯ ದಿನ ಬಂತು. ಆರೋಗ್ಯ ಇಲಾಖೆಯ ದೊಡ್ಡ ಅಧಿಕಾರಿ ಬಂದರು, ಶ್ರೀಮಂತನೂ ಬಂದ. ಆಯಮ್ಮ ಬೆಳಿಗ್ಗೆಯಿಂದ ಪಾನಕ ಕೊಟ್ಟಳು, ಮಜ್ಜಿಗೆ ಕೊಟ್ಟಳು, ಮೂರು ಸಲ ಕಾಫಿ ಕೊಟ್ಟಳು. ಬೇಡ ಅಂದವರಿಗೆ "ಸೆಕೆ ಐತೆ ಸಾ, ಕುಡೀರಿ" ಎಂದು ಕೈಗೇ ಹಿಡಿಸಿದಳು. ವರದಿಯ ನಲವತ್ತನೆಯ ಪುಟ ಓದುವಾಗ ನಿರ್ದೇಶಕರು ಎದ್ದರು. ಮೊದಲ ಶೌಚಾಲಯಕ್ಕೆ ಬೀಗ. ಎರಡನೆಯದಕ್ಕೂ ಬೀಗ. ಹಿಂದೆಯೇ ಅಧಿಕಾರಿ ಬಂದರು, ಅವರ ಹಿಂದೆ ಪಂಡಿತರ ದಂಡು. ಶ್ರೀಮಂತನಿಗೆ ಸಕ್ಕರೆ ಕಾಯಿಲೆ. ಅವನ ಅವಸ್ಥೆ ನಾನು ಹೇಳುವುದಿಲ್ಲ, ಇದು ಮಠ.

ಬಾಗಿಲ ಪಕ್ಕದಲ್ಲಿ ಆಯಮ್ಮ ಅದೇ ಹಾಳೆ ಹಿಡಿದು ಕೂತಿದ್ದಳು. ಓದು ಬರದು, ಆದರೆ ಕೇಳಿ ಕೇಳಿ ಬಾಯಿಪಾಠವಾಗಿತ್ತು.

"ಒಂದೇ ಪ್ರಶ್ನೆ ಸಾ. ಸಭೆ ಬಿಟ್ಟು ಯಾಕೆ ಎದ್ದು ಬಂದ್ರಿ? ದೂರಾನಾ? ಖರ್ಚಾ? ಅರಿವಿಲ್ವಾ? ಮೂಢನಂಬಿಕೆನಾ?"

ನಿರ್ದೇಶಕರು ಕಾಲು ಬದಲಿಸುತ್ತಾ ಕೂಗಿದರು: "ಅಮ್ಮಾ, ಇತರೆ! ಇತರೆ!"

"ಇತರೆಗೆ ಅರ್ಥ ಇಲ್ಲ ಅಂದಿದ್ರಲ್ಲ ಸಾ. ಬಿಟ್ಬಿಡ್ಲಾ?"

ಅಧಿಕಾರಿಗೆ ಏನೆಂದು ಅರ್ಥವಾಗಲಿಲ್ಲ. ನಿರ್ದೇಶಕರಿಗೆ ಆಯಿತು. ನಿಂತಲ್ಲೇ ಎಪ್ಪತ್ತೆರಡು ಹೆಂಗಸರ ಮಾತನ್ನು ಒಂದೇ ಉಸಿರಿಗೆ ಹೇಳಿದರು. ಅಧಿಕಾರಿ ನಿಂತಲ್ಲೇ ಆ ಆಸ್ಪತ್ರೆಗೆ ಫೋನ್ ಮಾಡಿ ಬೀಗ ತೆಗೆಸಿದರು. ಆಮೇಲೆ ಆಯಮ್ಮ ಸೊಂಟದಿಂದ ಬೀಗದ ಕೈ ತೆಗೆದಳು. ಆ ವರದಿಯಷ್ಟು ಬೇಗ ಜಾರಿಯಾದ ವರದಿ ದೇಶದಲ್ಲೇ ಇನ್ನೊಂದಿಲ್ಲ.

ಮರುವಾರ ಮಗಳು ಆಸ್ಪತ್ರೆಗೆ ಹೋದಳು. ರಕ್ತದ ಒತ್ತಡ ವಿಪರೀತ ಏರಿತ್ತು. ಅಲ್ಲೇ ಇಟ್ಟುಕೊಂಡು ನೋಡಿದರು. ತಾಯಿ, ಮಗು ಇಬ್ಬರೂ ಉಳಿದರು. ಇನ್ನೊಂದು ತಿಂಗಳು ತಡವಾಗಿದ್ದರೆ ಈ ಕಥೆಯನ್ನು ನಾನು ನಗುತ್ತಾ ಹೇಳುತ್ತಿರಲಿಲ್ಲ.

ನಗುತ್ತಿದ್ದೀರಿ. ನಗಿ, ನಗಿ. ನಿಮ್ಮ ಮನೆಯಲ್ಲಿ ಎಷ್ಟು ಚೌಕ ಇಟ್ಟಿದ್ದೀರಿ? ಸೊಸೆ ಮಂಕಾಗಿ ಕೂತರೆ "ತವರು ನೆನಪಾಯ್ತಾ? ತಲೆನೋವಾ?" ಎಂದು ಎರಡೇ ಚೌಕ. ಅವಳು ಮೂರನೆಯದು ಹೇಳಲು ಬಾಯಿ ತೆರೆದರೆ "ಆಯ್ತು, ಕಾಫಿ ಮಾಡಮ್ಮ" ಅನ್ನುತ್ತೀರಿ. ಹೌದೋ ಅಲ್ಲವೋ? ಇವತ್ತಿನಿಂದ ಇಷ್ಟು ಮಾಡಿ: ಪ್ರಶ್ನೆ ಕೇಳಿದ ಮೇಲೆ ಉತ್ತರ ನೀವು ಹೇಳಬೇಡಿ. ಬಾಯಿ ಮುಚ್ಚಿ ಕೇಳಿ. ಕೇಳಿದ್ದನ್ನು ಅವತ್ತೇ ಮಾಡಿ.

ಇನ್ನೊಂದು ಮಾತಿದೆ. ಇವತ್ತು ಮಠದಲ್ಲಿ ಹಂಚಿದ ಪಾನಕವನ್ನು ಗಂಡಸರೆಲ್ಲಾ ಎರಡೆರಡು ಲೋಟ ಕುಡಿದಿರಿ. ಹೆಂಗಸರ ಸಾಲಿನಲ್ಲಿ ಲೋಟಗಳು ತುಂಬಿದ ಹಾಗೇ ಇವೆ. ಹೋದ ವರ್ಷವೂ ಹೀಗೇ ಇದ್ದವು. ಪಾಪ, ಏನೋ ವ್ರತ ಇರಬೇಕು ಅಂದುಕೊಂಡಿದ್ದೆ. ನೋಡಿ, ನಾನೂ ಒಂದು ಚೌಕ ಬರೆದವನೇ! ಇವತ್ತು ಬೆಳಿಗ್ಗೆ ಮಠದ ಹಿಂದಕ್ಕೆ ಹೋಗಿ ನೋಡಿದೆ, ಹೆಂಗಸರ ಶೌಚಾಲಯಕ್ಕೆ ಬೀಗ. ತಾಯಂದಿರೇ, ತಪ್ಪಾಯಿತು.

ಮಠದ ಕಾರ್ಯದರ್ಶಿ ಮರುಳಸಿದ್ಧಯ್ಯನವರೇ, ತಲೆ ತಗ್ಗಿಸಬೇಡಿ, ಸೊಂಟ ಮುಟ್ಟಿ ನೋಡಿಕೊಳ್ಳಿ. ಮಂಗಳಾರತಿ ಆಮೇಲೆ. ಮೊದಲು ಹೋಗಿ ಬೀಗ ತೆಗೆದು, ಬೀಗದ ಕೈಯನ್ನು ಆ ಕಡೆಯ ಸಾಲಿನ ಅಜ್ಜಿಗೆ ಕೊಟ್ಟು ಬನ್ನಿ. ಅಲ್ಲಿಯವರೆಗೆ ನಾವೆಲ್ಲಾ ಕಾಯುತ್ತೇವೆ. ತಾಯಂದಿರೇ, ಪಾನಕ ಕುಡಿಯಿರಿ.